ವಾಲ್ಯೂಮ್ ಕೀ ಕೆಟ್ಟಿದೆ ಎನ್ನುವ ಮೊದಲು

ಮಾನ್ಯ ಸಂಪಾದಕರೇ,

ಲಿನಕ್ಸ್ ಹಾಕಿರುವ ಲ್ಯಾಪ್‌ಟಾಪಿನಲ್ಲಿ ಧ್ವನಿ ಏರಿಸುವ, ಇಳಿಸುವ ಕೀಗಳು ಕೆಲಸ ಮಾಡುತ್ತಿಲ್ಲವೆಂದು ಓದುಗರೊಬ್ಬರು ಕೇಳಿದ್ದ ಪ್ರಶ್ನೆಗೆ ತಮ್ಮ ತಂತ್ರಜ್ಞಾನ ಅಂಕಣದಲ್ಲಿ ‘ಸೌಂಡ್ ಡ್ರೈವರ್ ಕೆಟ್ಟಿರಬೇಕು, ಇಡೀ ಸಿಸ್ಟಮ್ಮನ್ನೇ ಮತ್ತೆ ಇನ್‌ಸ್ಟಾಲ್ ಮಾಡಿ’ ಎಂಬ ಉತ್ತರ ಪ್ರಕಟವಾಗಿದೆ. ಸ್ಪೀಕರಿನಿಂದ ಹಾಡು ಕೇಳಿಸುತ್ತಿದೆ, ಮೌಸ್‌ನಿಂದ ಎಳೆದರೆ ಧ್ವನಿ ಏರಿಳಿಯುತ್ತದೆ ಎಂದು ಪ್ರಶ್ನೆ ಕೇಳಿದವರೇ ಬರೆದಿದ್ದರು. ಅಂದ ಮೇಲೆ ಸೌಂಡ್ ಡ್ರೈವರಿನ ಮೇಲೆ ತಪ್ಪು ಹೊರಿಸುವುದು ಸರಿಯಲ್ಲ.

ಕೀ ಒತ್ತುವುದಕ್ಕೂ ಧ್ವನಿ ಏರುವುದಕ್ಕೂ ನಡುವೆ ಕೆಲಸ ಹಲವು ಕೈ ದಾಟುತ್ತದೆ. ಯಾವ ಕೀ ಒತ್ತಲಾಯಿತೆಂದು ಕೀಬೋರ್ಡ್ ಕಳುಹಿಸುವ ಸಂಕೇತವನ್ನು (ಸ್ಕ್ಯಾನ್‌ಕೋಡ್) ಲಿನಕ್ಸಿನ ತಿರುಳಾದ ಕರ್ನಲ್ ತನ್ನದೇ ಸಂಖ್ಯೆಯಾಗಿ, ಅಂದರೆ ಕೀಕೋಡ್ ಆಗಿ, ಬದಲಿಸುತ್ತದೆ: ಮ್ಯೂಟ್‌ಗೆ 113, ಇಳಿಸುವುದಕ್ಕೆ 114, ಏರಿಸುವುದಕ್ಕೆ 115. ಅದು ಪರದೆಯ ಕಿಟಕಿಗಳನ್ನು ನಿಭಾಯಿಸುವ ಎಕ್ಸ್ ಅಥವಾ ವೇಲ್ಯಾಂಡ್ ಮೂಲಕ ಡೆಸ್ಕ್‌ಟಾಪಿಗೆ ತಲುಪಿದ ಮೇಲೆ, ಡೆಸ್ಕ್‌ಟಾಪಿನ ಒಂದು ಸಣ್ಣ ಪ್ರೋಗ್ರಾಂ, ಧ್ವನಿಯನ್ನು ನೋಡಿಕೊಳ್ಳುವ ಪಲ್ಸ್‌ಆಡಿಯೋಗೋ ಪೈಪ್‌ವೈರ್‌ಗೋ ಧ್ವನಿ ಬದಲಿಸುವಂತೆ ಹೇಳುತ್ತದೆ. ಆ ಪ್ರೋಗ್ರಾಂ ಇಲ್ಲದಿದ್ದರೆ ಮಿಕ್ಕೆಲ್ಲ ಸರಿಯಿದ್ದೂ ಪ್ರಯೋಜನವಿಲ್ಲ.

ಇದನ್ನು ನಾನು ಕಲಿತದ್ದು ಪೆಟ್ಟು ತಿಂದೇ. ಲಿನಕ್ಸಿನ ಡೆಸ್ಕ್‌ಟಾಪ್‌ಗಳಲ್ಲೊಂದಾದ ಎಕ್ಸ್‌ಎಫ್‌ಸಿಇಯಲ್ಲಿ, ಪರದೆಯ ಅಂಚಿನಲ್ಲಿರುವ ಪ್ಯಾನೆಲ್ ಪಟ್ಟಿ ಚೊಕ್ಕಟವಾಗಿ ಕಾಣಲೆಂದು ನಾನು ಮೂಲೆಯಲ್ಲಿದ್ದ ಸ್ಪೀಕರ್ ಐಕಾನನ್ನು ತೆಗೆದುಹಾಕಿದ್ದೆ. ಕೆಲವು ದಿನಗಳ ನಂತರ ಕೀಗಳು ಸುಮ್ಮನಾಗಿರುವುದು ಗಮನಕ್ಕೆ ಬಂತು. ಎರಡಕ್ಕೂ ನಂಟಿರಬಹುದೆಂದು ಹೊಳೆಯಲೇ ಇಲ್ಲ. ಬಲ್ಲವರೊಬ್ಬರು ಕೀಬೋರ್ಡನ್ನೇ ಬದಲಿಸಬೇಕೆಂದರು. ಅದಕ್ಕೆ ಮುಂಚೆ ಟರ್ಮಿನಲ್ಲಿನಲ್ಲಿ ರೂಟ್ (ನಿರ್ವಾಹಕ) ಅಧಿಕಾರದಿಂದ, ಕರ್ನಲ್ಲಿಗೆ ತಲುಪಿದ ಕೀಗಳನ್ನು ತೋರಿಸುವ ‘ಎವ್‌ಟೆಸ್ಟ್’ ಓಡಿಸಿ, ಅದು ಕೊಡುವ ಸಾಧನಗಳ ಪಟ್ಟಿಯಿಂದ ಕೀಬೋರ್ಡನ್ನು ಆರಿಸಿ, ಧ್ವನಿ ಏರಿಸುವ ಕೀ ಒತ್ತಿದೆ. ಪರದೆಯ ಮೇಲೆ 115 ಎಂಬ ಸಂಖ್ಯೆಯೂ ಅದರ ಮುಂದೆ 1 ಎಂಬ ಬೆಲೆಯೂ ಮೂಡಿದವು; ಬೆರಳು ತೆಗೆದೊಡನೆ ಇನ್ನೊಂದು ಸಾಲಿನಲ್ಲಿ 1ರ ಬದಲು 0 ಬಂತು. ಕೀಬೋರ್ಡ್, ಕರ್ನಲ್ ಎರಡೂ ನಿರ್ದೋಷಿಗಳೆಂದು ಅಲ್ಲಿಗೆ ತೀರ್ಮಾನವಾಯಿತು. ಉಳಿದದ್ದು ಡೆಸ್ಕ್‌ಟಾಪ್: ಎಕ್ಸ್‌ಎಫ್‌ಸಿಇಯಲ್ಲಿ ವಾಲ್ಯೂಮ್ ಕೀಗಳನ್ನು ನೋಡಿಕೊಳ್ಳುವುದು ನಾನು ಕಿತ್ತುಹಾಕಿದ್ದ ಅದೇ ಸ್ಪೀಕರ್ ಐಕಾನ್, ಅಂದರೆ ಪಲ್ಸ್‌ಆಡಿಯೋ ಪ್ಲಗಿನ್! ಅದನ್ನು ಮತ್ತೆ ಪ್ಯಾನೆಲ್ಲಿಗೆ ಸೇರಿಸಿ, ಅದರ ಆಯ್ಕೆಗಳಲ್ಲಿ ಕೀಬೋರ್ಡ್ ಶಾರ್ಟ್‌ಕಟ್ಟಿನ ಚೌಕಕ್ಕೆ ಗುರುತು ಹಾಕಿದ ಕೂಡಲೇ ಎಲ್ಲವೂ ಸರಿಹೋಯಿತು. ಕಣ್ಣಿಗೆ ಬರೀ ಅಲಂಕಾರದಂತೆ ಕಾಣುವ ಐಕಾನಿಗೆ ಇಂಥ ಹೊಣೆ ಹೊರಿಸಿ, ತೆಗೆಯುವಾಗ ಒಂದು ಎಚ್ಚರಿಕೆಯನ್ನೂ ಕೊಡದಿರುವುದು ನನ್ನ ದೃಷ್ಟಿಯಲ್ಲಿ ವಿನ್ಯಾಸದ ಲೋಪವೇ. ಐ3, ಸ್ವೇ ಎಂಬ ಸರಳ ಕಿಟಕಿ ನಿರ್ವಾಹಕಗಳನ್ನು ಬಳಸುವವರಿಗೆ ಈ ಗೊಂದಲವಿಲ್ಲ. ಅಲ್ಲಿ ಯಾವ ಕೀಗೆ ಯಾವ ಆಜ್ಞೆ ಎಂಬುದನ್ನು ಸಂರಚನಾ ಕಡತದಲ್ಲೇ ನೋಡಬಹುದು, ಬರೆಯಬಹುದು.

ಎಕ್ಸ್‌ನಲ್ಲಿ, ತನ್ನ ಕಿಟಕಿಗೆ ಬಂದ ಕೀಗಳನ್ನು ತೋರಿಸುವ ‘ಎಕ್ಸ್‌ಇವಿ’ ಬಳಸಿ ಪರೀಕ್ಷಿಸುವವರು ಎರಡು ಸಂಗತಿ ಗಮನಿಸಬೇಕು. ಅಲ್ಲಿ ಸಂಖ್ಯೆಗಳು ಕರ್ನಲ್ಲಿನದಕ್ಕಿಂತ 8 ಹೆಚ್ಚಾಗಿ, ಅಂದರೆ 121, 122, 123 ಎಂದು ಕಾಣುತ್ತವೆ. ಡೆಸ್ಕ್‌ಟಾಪ್ ಆ ಕೀಯನ್ನು ಮೊದಲೇ ತನ್ನ ವಶಕ್ಕೆ ತೆಗೆದುಕೊಂಡಿದ್ದರೆ ಕೀ ಒತ್ತಿದ ಸುದ್ದಿ ಆ ಕಿಟಕಿಗೆ ಬಾರದೆಯೂ ಇರಬಹುದು; ಅದನ್ನು ನೋಡಿ ಕೀ ಸತ್ತಿದೆಯೆಂದು ತಿಳಿಯಬಾರದು.

ಪರದೆಯ ಮೇಲೆ ಧ್ವನಿಯ ಪಟ್ಟಿ ಏರುತ್ತಿದ್ದು, ಕಿವಿಗೆ ಮಾತ್ರ ವ್ಯತ್ಯಾಸ ತಿಳಿಯದಿದ್ದರೆ, ಕೀ ಬೇರೆ ಸಾಧನದ, ಬಹುಮಟ್ಟಿಗೆ ಎಚ್‌ಡಿಎಂಐ ಮಾನಿಟರಿನ, ಧ್ವನಿಯನ್ನು ಬದಲಿಸುತ್ತಿರಬಹುದು. ಹಾಗಿದ್ದರೆ ಧ್ವನಿ ಹೊರಡುವ ಸಾಧನವನ್ನು (ಡೀಫಾಲ್ಟ್ ಔಟ್‌ಪುಟ್) ಬದಲಿಸಿದರೆ ಸಾಕು. ಎವ್‌ಟೆಸ್ಟ್‌ನಲ್ಲಿ 115ರ ಬದಲು ಎಫ್3ರಂಥ ಕೀ ಕಂಡರೆ ಅದು ಎಫ್‌ಎನ್ ಲಾಕಿನ, ಅಂದರೆ ಮೇಲಿನ ಸಾಲಿನ ಕೀ ಎಫ್3ರಂತೆ ನಡೆಯಬೇಕೋ ಧ್ವನಿ ಕೀಯಂತೆ ನಡೆಯಬೇಕೋ ಎಂಬುದರ, ವಿಚಾರ. ಹಲವು ಮಾದರಿಗಳಲ್ಲಿ ಎಫ್‌ಎನ್ ಮತ್ತು ಎಸ್ಕೇಪ್ ಒಟ್ಟಿಗೆ ಒತ್ತಿದರೆ ಬದಲಾಗುತ್ತದೆ, ಕೆಲವದರಲ್ಲಿ ಯಂತ್ರ ಶುರುವಾಗುವಾಗ ಸಿಗುವ ಬಯೋಸ್ ಸೆಟ್ಟಿಂಗ್‌ಗೇ ಹೋಗಬೇಕು.

ನಿಜವಾದ ತೊಡಕು ಎವ್‌ಟೆಸ್ಟ್‌ನಲ್ಲಿ ಏನೂ ಕಾಣದಿದ್ದಾಗಿನದು. ಆಗಲೂ ಎವ್‌ಟೆಸ್ಟ್ ಪಟ್ಟಿಯ ಉಳಿದ ಸಾಧನಗಳನ್ನು ಒಂದೊಂದಾಗಿ ನೋಡಬೇಕು. ಕೆಲವು ಲ್ಯಾಪ್‌ಟಾಪ್‌ಗಳು ಈ ಕೀಗಳನ್ನು ಸಾಮಾನ್ಯ ಕೀಬೋರ್ಡಿನಿಂದಲ್ಲ, ಡಬ್ಲ್ಯೂಎಂಐ ಹಾಟ್‌ಕೀ ಎಂಬ ಬೇರೊಂದು ದಾರಿಯಿಂದ ಕಳುಹಿಸುತ್ತವೆ. ಅಲ್ಲೂ ಸಿಗದಿದ್ದರೆ ಕರ್ನಲ್ಲಿನ ದಾಖಲೆಯಲ್ಲಿ ‘ಅಪರಿಚಿತ ಕೀ ಒತ್ತಲಾಗಿದೆ’ ಎಂಬ ಅರ್ಥದ ಇಂಗ್ಲಿಷ್ ಸಾಲೊಂದು, ಸ್ಕ್ಯಾನ್‌ಕೋಡ್ ಸಮೇತ, ಬಿದ್ದಿದೆಯೇ ನೋಡಬೇಕು. ಬಿದ್ದಿದ್ದರೆ ‘ಸೆಟ್‌ಕೀಕೋಡ್ಸ್’ ಆಜ್ಞೆಯಿಂದ ಆ ಕೋಡಿಗೆ 115 ಎಂದು ಹೆಸರಿಟ್ಟು ಅಲ್ಲೇ ಪರೀಕ್ಷಿಸಬಹುದು. ಯಂತ್ರ ರೀಸ್ಟಾರ್ಟ್ ಆದರೆ ಅದು ಅಳಿಸಿಹೋಗುತ್ತದೆಯಾದ್ದರಿಂದ, ಶಾಶ್ವತವಾಗಿ ಉಳಿಯಬೇಕೆಂದರೆ ಸಾಧನಗಳನ್ನು ಗುರುತಿಸುವ ಯೂಡೆವ್‌ನ ಹಾರ್ಡ್‌ವೇರ್ ದತ್ತಕೋಶಕ್ಕೆ ಸಣ್ಣ ಕಡತವೊಂದನ್ನು ಸೇರಿಸಬೇಕು.

ಪ್ರಶ್ನೆ ಕೇಳಿದ ಆ ಓದುಗರು ಸಿಸ್ಟಮ್ಮನ್ನು ಇನ್ನೂ ಅಳಿಸಿಲ್ಲವಾದರೆ, ತಮ್ಮ ಡೆಸ್ಕ್‌ಟಾಪ್ ಯಾವುದು, ಎವ್‌ಟೆಸ್ಟ್‌ನಲ್ಲಿ ಯಾವ ಸಂಖ್ಯೆ ಕಾಣುತ್ತದೆ ಎಂಬ ಎರಡು ವಿವರಗಳನ್ನು ಅಂಕಣಕ್ಕೆ ಬರೆದು ಕಳುಹಿಸಲೆಂದು ತಾವು ಪ್ರಕಟಣೆಯ ಮೂಲಕ ತಿಳಿಸಬೇಕಾಗಿ ವಿನಂತಿ.

ತಮ್ಮ ವಿಶ್ವಾಸಿ,
ಒಬ್ಬ ಓದುಗ