ಸೊಂಟದಿಂದ ಬಾಲ್ ಎಸೆಯುವ ಗೆಳೆಯನಿಗೊಂದು ಪತ್ರ

ಲೋ ಗೆಳೆಯಾ,

ಎರಡು ವಾರ ಫೋನ್ ಎತ್ತಲಿಲ್ಲ ಅಂತ ಬೈದುಕೊಂಡಿರುತ್ತೀಯ, ಗೊತ್ತು. ಹುಡುಗರ ಬೇಸಿಗೆ ಶಿಬಿರದಲ್ಲಿ ಬಾಸ್ಕೆಟ್‌ಬಾಲ್ ಹೇಳಿಕೊಡಲು ಹೋಗಿದ್ದೆ. 22 ಹುಡುಗರು, ಎಲ್ಲರೂ 9ರಿಂದ 11 ವರ್ಷದೊಳಗಿನವರು. ರಾತ್ರಿ ಹೊತ್ತಿಗೆ ಗಂಟಲು ಕಟ್ಟಿ ಮಾತೇ ಹೊರಡುತ್ತಿರಲಿಲ್ಲ, ಇನ್ನು ಫೋನ್ ಎಲ್ಲಿಂದ.

ಮೊದಲ ದಿನವೇ ನಿನ್ನ ನೆನಪಾಯಿತು. ಒಬ್ಬ ಸಣಕಲ ಹುಡುಗ ಫ್ರೀ ಥ್ರೋ (ಎದುರಾಳಿ ಫೌಲ್ ಮಾಡಿದಾಗ ಯಾರ ಅಡ್ಡಿಯೂ ಇಲ್ಲದೆ ಎಸೆಯಲು ಸಿಗುವ ಅವಕಾಶ) ಗೆರೆಯಲ್ಲಿ ನಿಂತು, ಬಾಲನ್ನು ಎರಡೂ ಕೈಯಲ್ಲಿ ಸೊಂಟದ ಪಕ್ಕಕ್ಕೆ ಇಳಿಸಿ, ಮೈಯೆಲ್ಲ ತಿರುಚಿ, ಲಾರಿಗೆ ಮೂಟೆ ಹಾಕುವವರ ಹಾಗೆ ಎಸೆದ. ಥೇಟ್ ನೀನೇ! ಬಾಲ್ ಬೋರ್ಡಿಗೂ ತಾಗಲಿಲ್ಲ. ನಿನ್ನ ಆ ಶಾಟ್ ನೋಡಿ ಇಷ್ಟು ವರ್ಷ ನಕ್ಕಿದ್ದೇನೆ ಅಲ್ವಾ? ಕ್ಷಮೆ ಕೇಳೋಣ ಅಂತಲೇ ಈ ಪತ್ರ. ತಪ್ಪು ನಿನ್ನದಲ್ಲ ಮಾರಾಯ, ಬಾಲಿನದು.

ಆ ಹುಡುಗರಿಗೆ ಕೊಟ್ಟಿದ್ದದ್ದು 7ನೇ ಸೈಜಿನ ಬಾಲ್, ದೊಡ್ಡ ಗಂಡಸರು ಆಡುವುದು, ಹತ್ತಿರ ಹತ್ತಿರ 600 ಗ್ರಾಂ ತೂಗುತ್ತದೆ. ರಿಂಗ್ 10 ಅಡಿ ಎತ್ತರ. ಅದನ್ನು ಅಲ್ಲಿಗೆ ತಲುಪಿಸುವ ಬಲ ಆ ವಯಸ್ಸಿನ ಕೈಗೆ ಎಲ್ಲಿರುತ್ತೆ, ಹಾಗಾಗಿ ಸೊಂಟ, ಬೆನ್ನು, ಭುಜ ಎಲ್ಲ ಸೇರಿಸಿ ಹೇಗೋ ತಳ್ಳುತ್ತಾನೆ, ಒಂದು ಸಲ ಬಿತ್ತು ಅಂದರೆ ಮುಗಿಯಿತು, ಮೀಸೆ ಬಂದರೂ ಆ ಅಭ್ಯಾಸ ಬಿಡುವುದಿಲ್ಲ. ನಮಗೂ ಅದೇ ಬಾಲ್ ಕೊಟ್ಟಿದ್ದರು, ನೆನಪಿದೆಯಾ? ನಾನು ಉದ್ದ ಇದ್ದೆ, ಬಚಾವಾದೆ.

ಆ 10 ಅಡಿ ಎಲ್ಲಿಂದ ಬಂತು ಗೊತ್ತಾ? 1891ರ ಡಿಸೆಂಬರಿನಲ್ಲಿ ಅಮೆರಿಕದ ಸ್ಪ್ರಿಂಗ್‌ಫೀಲ್ಡಿನಲ್ಲಿ ಜೇಮ್ಸ್ ನೈಸ್ಮಿತ್ ಈ ಆಟ ಶುರು ಮಾಡಿದಾಗ, ಪೀಚ್ ಹಣ್ಣಿನ ಬುಟ್ಟಿಗಳನ್ನು ಜಿಮ್ನಾಸಿಯಂ ಬಾಲ್ಕನಿಯ ಅಂಚಿಗೆ ಹೊಡೆದರು. ಆ ಅಂಚು 10 ಅಡಿ ಎತ್ತರದಲ್ಲಿತ್ತು. ಅಷ್ಟೇ! ಆಡಿದವರೂ ಬೆಳೆದ ಯುವಕರು, ಒಂದೊಂದು ಕಡೆ 9 ಜನ. ಆ ಬಾಲ್ಕನಿಯನ್ನು ನಾವು ಇವತ್ತಿಗೂ ಪುಟ್ಟ ಹುಡುಗರ ತಲೆ ಮೇಲೆ ಹಿಡಿದುಕೊಂಡು ನಿಂತಿದ್ದೇವೆ.

ಅಮೆರಿಕದ ವೃತ್ತಿಪರ ಲೀಗ್ ಎನ್‌ಬಿಎ ಮತ್ತು ಅಲ್ಲಿನ ಬಾಸ್ಕೆಟ್‌ಬಾಲ್ ಸಂಸ್ಥೆ ಯುಎಸ್‌ಎ ಬಾಸ್ಕೆಟ್‌ಬಾಲ್ ಸೇರಿ ಕೊಟ್ಟಿರುವ ಸಲಹೆಯಲ್ಲೇ ಈ ವಯಸ್ಸಿಗೆ ಇನ್ನೂ ಸಣ್ಣ ಬಾಲ್, 9 ಅಡಿ ರಿಂಗ್ ಅಂತಿದೆ. ಅಂತರರಾಷ್ಟ್ರೀಯ ಬಾಸ್ಕೆಟ್‌ಬಾಲ್ ಒಕ್ಕೂಟ ಫೀಬಾ ಮಕ್ಕಳಿಗೆ ಅಂತಲೇ ಮಾಡಿರುವ ಮಿನಿ ಬಾಸ್ಕೆಟ್‌ಬಾಲಿನಲ್ಲಂತೂ ರಿಂಗ್ 2.60 ಮೀಟರ್, ಅಂದರೆ ಎಂಟೂವರೆ ಅಡಿ. ಹುಡುಕಿದರೆ ಶಿಬಿರದ ಸ್ಟೋರ್ ರೂಮಿನಲ್ಲೇ 5ನೇ ಸೈಜಿನ ಸಣ್ಣ ಬಾಲುಗಳು ಗಾಳಿ ಇಲ್ಲದೆ ಬಿದ್ದಿದ್ದವು. ಪಂಪು ಹೊಡೆದು ತಂದೆ.

ಒಬ್ಬನೂ ಮುಟ್ಟಲಿಲ್ಲ. "ಇದು ಪಾಪುಗಳದ್ದು ಸಾರ್" ಅಂದ ಒಬ್ಬ. ಬರೀ ಹುಡುಗರೇ ಇರುವ ಕಡೆ ಈ ಜಂಬ ಒಂದು ಕೈ ಜಾಸ್ತಿ. ನಾನು ಭಾಷಣ ಬಿಗಿಯಲಿಲ್ಲ. ಸುಮ್ನೆ ಒಂದು ಕೋರ್ಟಿನಲ್ಲಿ ಹ್ಯಾಂಡಲ್ ತಿರುಗಿಸಿ ರಿಂಗ್ ಇಳಿಸಿ, ಸಣ್ಣ ಬಾಲ್ ಅಲ್ಲೇ ಬಿಟ್ಟು ನೀರು ಕುಡಿಯಲು ಹೋದೆ. ವಾಪಸ್ ಬಂದರೆ ಅಲ್ಲಿ ಸಾಲು! ಬಾಲ್ ಒಳಗೆ ಬೀಳುತ್ತಿತ್ತಲ್ಲ, ಮತ್ತೇನು ಬೇಕು.

ನಾನು ನಿರೀಕ್ಷೆ ಮಾಡದೇ ಇದ್ದದ್ದು ಅಂದರೆ ಪಾಸ್. ಮೊದಲು ಇಬ್ಬರು ಉದ್ದನೆಯ ಹುಡುಗರೇ ಎಲ್ಲ ಶಾಟ್ ಹೊಡೆಯುತ್ತಿದ್ದರು, ಉಳಿದವರಿಗೆ ಬಾಲ್ ಕೊಟ್ಟರೆ ದಂಡ ಅಂತ ಅವರಿಗೂ ಗೊತ್ತು, ಉಳಿದವರಿಗೂ ಗೊತ್ತು. ಈಗ ಕುಳ್ಳನೂ ಹಾಕಬಲ್ಲ ಅಂತಾದ ಮೇಲೆ ಅವನ ಹೆಸರು ಕೂಗಿ ಕೂಗಿ ಪಾಸ್ ಕೊಡತೊಡಗಿದರು. ಜಗಳ ಮಾತ್ರ ಕಮ್ಮಿಯಾಗಲಿಲ್ಲ ಬಿಡು. ಟ್ರಾವೆಲಿಂಗ್ (ಬಾಲ್ ಪುಟಿಸದೆ ಹಿಡಿದುಕೊಂಡೇ ಓಡುವ ತಪ್ಪು) ಅಂತ ಸೀಟಿ ಊದಿದರೆ ಒಬ್ಬೊಬ್ಬನೂ ವಕೀಲ.

ಆ ಸಣಕಲನನ್ನು ಐದು ದಿನ ರಿಂಗಿನ ಬುಡದಲ್ಲೇ ನಿಲ್ಲಿಸಿದೆ. ಮೊಣಕೈ ಬಾಲಿನ ಕೆಳಗೆ, ಎಸೆಯುವುದು ಒಂದೇ ಕೈಯಲ್ಲಿ, ಬಿಟ್ಟ ಮೇಲೆ ಮಣಿಕಟ್ಟು ಬಗ್ಗಬೇಕು. ಆಮೇಲೆ ಒಂದು ಹೆಜ್ಜೆ ಹಿಂದೆ, ಮತ್ತೊಂದು ಹೆಜ್ಜೆ. ಚೆನ್ನಾಗಿಯೇ ಕಲಿತ. ಕೊನೇ ದಿನದ ಮ್ಯಾಚಿನಲ್ಲಿ ಅವನಿಗೆ ಎರಡು ಫ್ರೀ ಥ್ರೋ ಸಿಕ್ಕಿತು. ಮೊದಲನೆಯದು ಕಲಿಸಿದ ಹಾಗೇ ಎಸೆದ, ರಿಂಗಿಗೆ ಬಡಿದು ಹೊರಗೆ ಹೋಯಿತು. ಎರಡನೆಯದಕ್ಕೆ ನನ್ನ ಕಡೆ ಒಂದು ಸಲ ನೋಡಿದ, ಬಾಲನ್ನು ಮೆಲ್ಲಗೆ ಸೊಂಟದ ಪಕ್ಕಕ್ಕೆ ಇಳಿಸಿದ, ಹಳೇ ಸ್ಟೈಲಿನಲ್ಲೇ ಎಸೆದ. ಬಿತ್ತು ಕಣೋ!

ಮುಂದಿನ ತಿಂಗಳು ಬಾ. ನಿನಗೆ ಅಂತ 5ನೇ ಸೈಜಿನ ಬಾಲ್ ಒಂದು ತೆಗೆದಿಟ್ಟಿದ್ದೇನೆ.

ನಿನ್ನ,
ಉದ್ದನೆಯವನು