ಆಟದ ರಾತ್ರಿಗೆ ಮೊದಲೇ ಕೈ ಪಳಗಲಿ

ಚಿ. ಪುಟ್ಟನಿಗೆ ದೊಡ್ಡಪ್ಪನ ಆಶೀರ್ವಾದಗಳು.

ನಿನ್ನ ಅಕ್ಕ ಅಮೆರಿಕದಿಂದ ಕ್ಯಾಮ್‌ಕಾರ್ಡರ್ ತಂದುಕೊಟ್ಟಳಂತೆ, ಕೇಳಿ ಖುಷಿಯಾಯಿತು. ಮನೆಯ ಹರಕೆಯ ಯಕ್ಷಗಾನ ಆಟವನ್ನು ಬೆಳಗಿನವರೆಗೂ ನೀನೇ ವಿಡಿಯೊ ಮಾಡುತ್ತೀಯಂತೆ. ಮಾಡಲೇಬೇಕು. ಆದರೆ ಜೊತೆಗೆ ಬಂದ ಪುಸ್ತಕ ಓದಿ ಆಯಿತು, ಉಳಿದದ್ದು ಆ ದಿನ ನೋಡಿಕೊಳ್ಳುತ್ತೇನೆ ಅಂದೆಯಲ್ಲ, ಅದು ನನಗೆ ಸರಿ ಕಾಣಲಿಲ್ಲ. ಮದುವೆಯಲ್ಲಾದರೆ ಹಾರ ಇನ್ನೊಮ್ಮೆ ಹಾಕಿ ಅಂತ ಕೇಳಬಹುದು. ವೇಷಗಳು ಕುಣಿಯುತ್ತಾ ರಂಗಕ್ಕೆ ಬರುವ ಒಡ್ಡೋಲಗ ತಪ್ಪಿದರೆ ಮತ್ತೆ ಕುಣಿಯಿರಿ ಅನ್ನೋಕಾಗುತ್ತಾ?

ದಿನಾ ಸಂಜೆ ಕ್ಯಾಮೆರಾ ಕೈಗೆ ತಗೋ. ಒಂದು ಸಂಜೆಗೆ ಒಂದೇ ವಿಷಯ ಸಾಕು. ತೆಗೆದದ್ದನ್ನು ಟಿವಿಗೆ ಸಿಕ್ಕಿಸಿ ನೋಡು. ಕ್ಯಾಮೆರಾದ ಸಣ್ಣ ಪರದೆಯಲ್ಲಿ ಎಲ್ಲವೂ ಚೆಂದವೇ. ಫೋಕಸ್ ಜಾರಿದ್ದು, ಕೈ ನಡುಗಿದ್ದು ಟಿವಿಯಲ್ಲೇ ಗೊತ್ತಾಗುವುದು.

ಮೊದಲು ಬೆಳಕು. ರಂಗಸ್ಥಳದಲ್ಲಿ ಝಗಝಗ ಲೈಟು, ಹಿಂದೆ ಗದ್ದೆಯ ಕತ್ತಲು. ಆಟೋದಲ್ಲಿ ಬಿಟ್ಟರೆ ಕ್ಯಾಮೆರಾ ಆ ಕತ್ತಲನ್ನೂ ಲೆಕ್ಕಕ್ಕೆ ಹಿಡಿದು ಇಡೀ ಚಿತ್ರವನ್ನು ಬೆಳಗಿಸಲು ಹೋಗುತ್ತದೆ. ಆಗ ಮುಖಗಳೆಲ್ಲ ಬೆಳ್ಳಗಾಗಿ, ಕಲಾವಿದರು ವೇಷ ಕಟ್ಟುವ ಚೌಕಿಯಲ್ಲಿ ಅಷ್ಟು ಹೊತ್ತು ಕೂತು ಬರೆದುಕೊಂಡ ಬಣ್ಣವೇ ಕಾಣಿಸುವುದಿಲ್ಲ. ಹಾಗೆ ಪೂರ್ತಿ ಬಿಳಿಯಾದದ್ದನ್ನು ಆಮೇಲೆ ಕಂಪ್ಯೂಟರ್‌ನಲ್ಲಿ ಸರಿಮಾಡಲು ಬರುವುದಿಲ್ಲ. ಇದನ್ನು ಮನೆಯಲ್ಲೇ ಕಲಿ. ರಾತ್ರಿ ಅಂಗಳದ ಒಂದು ಲೈಟು ಮಾತ್ರ ಹಾಕಿ, ತಮ್ಮನಿಗೆ ಬಿಳಿ ಪಂಚೆ ಉಡಿಸಿ ಅದರಡಿ ನಿಲ್ಲಿಸು. ಹಿಂದೆ ತೋಟದ ಕತ್ತಲಿರಲಿ. ಒಂದು ಸಲ ಆಟೋದಲ್ಲಿ ತೆಗೆ. ಮತ್ತೆ ಎಕ್ಸ್‌ಪೋಷರ್, ಅಂದರೆ ಬೆಳಕಿನ ಪ್ರಮಾಣ, ಮ್ಯಾನ್ಯುಯಲ್‌ಗೆ ಹಾಕಿ ಸ್ವಲ್ಪ ಸ್ವಲ್ಪವೇ ಇಳಿಸುತ್ತಾ ಬಾ. ಪಂಚೆಯ ನೆರಿಗೆ ಒಂದೊಂದೂ ಕಾಣಿಸಿತಾ, ಅಲ್ಲಿಗೆ ನಿಲ್ಲಿಸು. ರಾಕ್ಷಸರ ಬಣ್ಣದ ವೇಷ ಬರುವಾಗ ದೊಂದಿಗೆ ರಾಳದ ಪುಡಿ ಎರಚುತ್ತಾರಲ್ಲ, ಆ ಭುಗಿಲಿಗೂ ಮ್ಯಾನ್ಯುಯಲ್ಲೇ ಒಳ್ಳೆಯದು.

ಅಮೆರಿಕದಲ್ಲಿ ಕರೆಂಟು 60 ಹರ್ಟ್ಸ್, ನಮ್ಮಲ್ಲಿ 50. ಅಲ್ಲಿಯ ಲೆಕ್ಕದಲ್ಲೇ ಕ್ಯಾಮೆರಾದ ಸೆಟ್ಟಿಂಗ್ ಬಿಟ್ಟರೆ ಟ್ಯೂಬ್‌ಲೈಟ್ ಬೆಳಕಿನಲ್ಲಿ ಚಿತ್ರ ಮಿಣುಕಬಹುದು. ಶಟರ್ ವೇಗ 1/50 ಅಥವಾ 1/100 ಸೆಕೆಂಡಿಗೆ ಇಟ್ಟು ನೋಡು.

ಜೂಮ್ ಮಾತ್ರ ಜಾಸ್ತಿ ಮುಟ್ಟಬೇಡ. ಗಿರಗಿರ ಸುತ್ತಿ ಹಾರುವ ಧೀಂಗಿಣ ಹೊಡೆಯುವಾಗ ಕಾಲು ಕಾಣದಿದ್ದರೆ ಏನು ಬಂತು? ಗೆಜ್ಜೆಯಿಂದ ಕಿರೀಟದ ತುದಿವರೆಗೂ ಚೌಕಟ್ಟಿನಲ್ಲಿರಲಿ. ಅರ್ಥ ಹೇಳುವಾಗ, ಅಂದರೆ ಮಾತಿನ ಹೊತ್ತಿಗೆ, ಬೇಕಾದರೆ ನಿಧಾನಕ್ಕೆ ಹತ್ತಿರ ಹೋಗು. ಡಿಜಿಟಲ್ ಜೂಮ್ ಆಫ್ ಮಾಡಿಬಿಡು, ಅದು ಚಿತ್ರವನ್ನು ಹಿಗ್ಗಿಸುತ್ತದೆ ಅಷ್ಟೇ.

ಶಬ್ದದ ವಿಷಯ ನನಗೆ ಚಿತ್ರಕ್ಕಿಂತ ದೊಡ್ಡದು. ಚೆಂಡೆ ಏರಿದಾಗ ಆಟೋ ಲೆವೆಲ್ ಇಡೀ ಶಬ್ದವನ್ನು ತಗ್ಗಿಸುತ್ತದೆ, ಪದ ಹಾಡುವ ಭಾಗವತರ ದನಿ ಅದರಡಿ ಹೂತುಹೋಗುತ್ತದೆ. ಹೆಡ್‌ಫೋನ್ ಹಾಕಿಕೊಂಡು ಅಭ್ಯಾಸ ಮಾಡು. ಅಮ್ಮ ಹಾಡುತ್ತಿರುವಾಗ ಪಕ್ಕದಲ್ಲಿ ಯಾರಾದರೂ ಸ್ಟೀಲ್ ತಟ್ಟೆ ಬಡಿಯಲಿ. ಕ್ಯಾಮೆರಾದ ಶಬ್ದದ ಮೀಟರ್ ಸೊನ್ನೆ ಮುಟ್ಟದೆ ಮೈನಸ್ 12 ಡೆಸಿಬೆಲ್‌ನ ಆಸುಪಾಸು ಇರುವ ಹಾಗೆ ಹೊಂದಿಸು. ಆಟದ ದಿನ ಮೈಕ್‌ಸೆಟ್‌ನವರು ಒಪ್ಪಿ ಮಿಕ್ಸರ್‌ನಿಂದ ಒಂದು ವಯರು ಕೊಟ್ಟರೆ ಬಹಳ ಒಳ್ಳೆಯದು. ಆದರೆ ಮಿಕ್ಸರ್‌ನಿಂದ ಬರುವ ಜೋರಾದ ಸಿಗ್ನಲ್, ಅಂದರೆ ಲೈನ್ ಲೆವೆಲ್, ನಿನ್ನ ಕ್ಯಾಮೆರಾ ತಗೊಳ್ಳುತ್ತದಾ ಅಂತ ಈಗಲೇ ನೋಡಿಟ್ಟುಕೋ. ಅದನ್ನು ಮೈಕ್ ಲೆವೆಲ್‌ನಲ್ಲಿ ತಗೊಂಡರೆ ದನಿ ಒಡೆದುಹೋಗುತ್ತದೆ.

ನಮ್ಮ ಮಿನಿ ಡಿವಿ ಕ್ಯಾಸೆಟ್ಟು ಸಾಮಾನ್ಯವಾಗಿ 60 ನಿಮಿಷಕ್ಕೆ ಮುಗಿಯುತ್ತಿತ್ತು, ಬದಲಿಸುವುದು ಕೈಗೆ ರೂಢಿಯಾಗಿತ್ತು. ಈಗ ಸೆಕೆಂಡಿಗೆ 28 ಮೆಗಾಬಿಟ್‌ನಲ್ಲಿ ತೆಗೆದರೆ ಗಂಟೆಗೆ ಸುಮಾರು 12.6 ಜಿಬಿ. 64 ಜಿಬಿ ಕಾರ್ಡು ಐದು ಗಂಟೆಗೆ ತುಂಬುತ್ತದೆ, ಅಂದರೆ ನಡುರಾತ್ರಿ ಬದಲಿಸಲೇಬೇಕು. ಯುದ್ಧದ ಮಧ್ಯೆ ಬದಲಿಸುವ ಹಾಗಾಗಬಾರದು, ಅದಕ್ಕೂ ಮೊದಲೇ ಸಮಯ ನೋಡಿಕೋ. ಲೈಟು ಆರಿಸಿ, ಬೆರಳಲ್ಲೇ ತಡಕಿ ಕಾರ್ಡು, ಬ್ಯಾಟರಿ ಬದಲಿಸುವುದನ್ನು ರೂಢಿ ಮಾಡು. ರೆಕಾರ್ಡ್ ಒತ್ತಿದ ಮೇಲೆ ಕೆಂಪು ಗುರುತು ಬಂತಾ ಅಂತ ಪ್ರತಿ ಸಲವೂ ನೋಡಬೇಕು.

ಪಕ್ಕದ ಊರಲ್ಲಿ ಆಟ ಇದ್ದರೆ ಮೇಳದ ಯಜಮಾನರನ್ನು ಕೇಳಿ, ಒಂದು ಪ್ರಸಂಗದ ಅರ್ಧದಷ್ಟಾದರೂ ತೆಗೆದುಕೊಂಡು ಬಾ. ಮುಂದೆ ಕೂತವರಿಗೆ ಟ್ರೈಪಾಡ್ ಅಡ್ಡ ಆಗದಿರಲಿ. ಆ ಕಾರ್ಡು ಅಳಿಸದೆ ಹಾಗೇ ನನ್ನ ಹತ್ತಿರ ತಾ, ಕೂತು ಒಟ್ಟಿಗೆ ನೋಡೋಣ.

ಇತಿ ನಿನ್ನ ದೊಡ್ಡಪ್ಪ