ಪುಕ್ಕಟೆ ಅರ್ಜಿಗೆ 25 ಸಾವಿರ ಯಾಕೆ?

ಮಾನ್ಯ ಸಂಪಾದಕರೇ,

ಕಳೆದ ಭಾನುವಾರ ಪೇಪರ್ ಬಿಡಿಸುತ್ತಿದ್ದಂತೆ ಒಳಗಿಂದ ಒಂದು ಹಳದಿ ಕರಪತ್ರ ಜಾರಿ ನಮ್ಮ ಜಗಲಿಯ ಮೇಲೆ ಬಿತ್ತು. ಇದನ್ನು ನೀವು ಹಾಕಿದ್ದಲ್ಲ, ಊರಿನ ಏಜೆನ್ಸಿಯವರು ಬೆಳಿಗ್ಗೆ ಸೇರಿಸಿ ಹಂಚಿದ್ದು ಅಂತ ನನಗೆ ಗೊತ್ತು. ಆದರೂ ಈ ಪತ್ರ ನಿಮಗೇ ಬರೆಯುತ್ತಿದ್ದೇನೆ. ಕರಪತ್ರ ಓದಿದವರೆಲ್ಲ ನಿಮ್ಮ ಪತ್ರಿಕೆಯನ್ನೂ ಓದುತ್ತಾರಲ್ವಾ?

ಕರಪತ್ರದಲ್ಲಿ ಲಂಡನ್ನಿನ ದೊಡ್ಡ ಗಡಿಯಾರದ ಚಿತ್ರ ಇತ್ತು. ಕೆಳಗೆ ‘ಯುಕೆ ಬ್ಯಾಲೆಟ್ ವೀಸಾ. ಎರಡು ವರ್ಷ ಕೆಲಸ ಗ್ಯಾರಂಟಿ. ಫೆಬ್ರವರಿ ಸೀಟಿಗೆ ಈಗಲೇ ಬುಕಿಂಗ್, 25,000 ರೂಪಾಯಿ ಮಾತ್ರ’ ಎಂದಿತ್ತು. ಆ ‘ಮಾತ್ರ’ ನೋಡಿ ನನಗೆ ನಗು ಬಂತು. ಆಮೇಲೆ ಒಬ್ಬಳು ಹುಡುಗಿ ನೆನಪಾದಳು, ನಗು ಹೋಯಿತು.

ನಾನು ಸಾಗರದಲ್ಲಿ 14 ವರ್ಷದಿಂದ ಸೈಬರ್ ಸೆಂಟರ್ ನಡೆಸುತ್ತಿದ್ದೇನೆ. ಮೂರು ಕಂಪ್ಯೂಟರ್, ಒಂದು ಝೆರಾಕ್ಸ್ ಮಶಿನ್, ಒಂದು ಲ್ಯಾಮಿನೇಶನ್ ಮಶಿನ್. ಪಹಣಿ ತೆಗೆಸುವವರು, ಜಾತಿ-ಆದಾಯ ಸರ್ಟಿಫಿಕೇಟಿಗೆ ಅರ್ಜಿ ಹಾಕುವವರು, ಸ್ಕಾಲರ್‌ಶಿಪ್ ಮಕ್ಕಳು, ಪಾಸ್‌ಪೋರ್ಟ್ ಬೇಕೆನ್ನುವವರು ಎಲ್ಲರೂ ಬರುತ್ತಾರೆ. ಅರ್ಜಿ ತುಂಬಲು 50 ರೂಪಾಯಿ ತಗೊಳ್ತೇನೆ. ಹೆಚ್ಚು ಹೊತ್ತು ಹಿಡಿದರೆ 100. ಹಾಗಾಗಿ ದುಡ್ಡು ತಗೊಂಡು ಅರ್ಜಿ ತುಂಬುವುದೇ ತಪ್ಪು ಅಂತ ನಾನು ಹೇಳುವ ಹಾಗಿಲ್ಲ. ನನ್ನ ಅನ್ನವೇ ಅದು.

ಈ ಬ್ಯಾಲೆಟ್ ಎಂದರೇನು ಅಂತ ಮೊದಲು ಹೇಳಿಬಿಡುತ್ತೇನೆ. ಭಾರತಕ್ಕೂ ಬ್ರಿಟನ್ನಿಗೂ 2021ರ ಮೇ ತಿಂಗಳಲ್ಲಿ ಒಂದು ಒಪ್ಪಂದ ಆಯಿತು. ಅದರಂತೆ 2023ರಿಂದ ‘ಯಂಗ್ ಪ್ರೊಫೆಷನಲ್ಸ್ ಸ್ಕೀಮ್’ ಎಂಬ ವೀಸಾ ಶುರುವಾಯಿತು. ವರ್ಷಕ್ಕೆ 3,000 ಭಾರತೀಯರಿಗೆ ಸಿಗುತ್ತದೆ. ವಯಸ್ಸು 18ರಿಂದ 30ರೊಳಗೆ ಇರಬೇಕು, ಡಿಗ್ರಿ ಆಗಿರಬೇಕು. ಎರಡು ವರ್ಷ ಅಲ್ಲಿ ಇರಬಹುದು, ಕೆಲಸ ಮಾಡಬಹುದು, ಓದಬಹುದು, ಸುತ್ತಬಹುದು. ಅಲ್ಲಿಯ ಹುಡುಗರೂ ಅದೇ ಲೆಕ್ಕದಲ್ಲಿ ಇಲ್ಲಿಗೆ ಬರಬಹುದು. ಸಾಗರಕ್ಕೆ ಇನ್ನೂ ಯಾರೂ ಬಂದಿಲ್ಲ, ಆ ಮಾತು ಬೇರೆ.

ಕೇಳುವವರು ತುಂಬಾ ಜನ, ಜಾಗ ಮೂರೇ ಸಾವಿರ. ಅದಕ್ಕೇ ಚೀಟಿ ಎತ್ತುತ್ತಾರೆ, ಅದೇ ಬ್ಯಾಲೆಟ್. ಸಾಮಾನ್ಯವಾಗಿ ಫೆಬ್ರವರಿಯಲ್ಲಿ ಒಮ್ಮೆ, ಜುಲೈಯಲ್ಲಿ ಒಮ್ಮೆ. ಜಾಸ್ತಿ ಜಾಗ ಫೆಬ್ರವರಿಯಲ್ಲೇ ಖಾಲಿಯಾಗುತ್ತದೆ. ಬ್ರಿಟನ್ ಸರ್ಕಾರದ ವೆಬ್‌ಸೈಟಿನಲ್ಲಿ ಎರಡು ದಿನ, ಅಂದರೆ 48 ಗಂಟೆ ಬಾಗಿಲು ತೆಗೆದಿರುತ್ತದೆ. ಹೆಸರು, ಹುಟ್ಟಿದ ದಿನಾಂಕ, ಪಾಸ್‌ಪೋರ್ಟ್ ವಿವರ, ಪಾಸ್‌ಪೋರ್ಟಿನ ಒಂದು ಫೋಟೋ, ಫೋನ್ ನಂಬರ್, ಇಮೇಲ್. ಇಷ್ಟೇ ಕೇಳುವುದು. ಒಂದು ಪೈಸೆ ಫೀಸ್ ಇಲ್ಲ. ಮೊದಲ ಗಂಟೆಯಲ್ಲಿ ಹಾಕಿದರೂ ಕೊನೆಯ ಗಂಟೆಯಲ್ಲಿ ಹಾಕಿದರೂ ಒಂದೇ. ಯಾವ ಹೆಸರು ಬರಬೇಕು ಎನ್ನುವುದು ಯಾರ ಕೈಯಲ್ಲೂ ಇಲ್ಲ. ಹಾಗಿದ್ದಮೇಲೆ ‘ಸೀಟು ಬುಕಿಂಗ್’ ಎಲ್ಲಿಂದ ಬಂತು?

ಈಗ ಆ ಹುಡುಗಿಯ ವಿಷಯಕ್ಕೆ ಬರುತ್ತೇನೆ. ಹೆಸರು, ಊರು ಬೇಡ. ಇಲ್ಲೇ ಹತ್ತಿರದ ಹಳ್ಳಿಯವಳು. ಬಿಎಸ್ಸಿ ಮಾಡಿ ಒಂದು ಖಾಸಗಿ ಶಾಲೆಯಲ್ಲಿ ಪಾಠ ಹೇಳುತ್ತಾಳೆ. ಕಳೆದ ಫೆಬ್ರವರಿಯಲ್ಲಿ ಒಂದು ಕನ್ಸಲ್ಟೆನ್ಸಿಯವರ ಹತ್ತಿರ ಇದೇ ಬ್ಯಾಲೆಟ್ ಹಾಕಿಸಿದ್ದಳು, 18 ಸಾವಿರ ಕೊಟ್ಟು. ಆ ದುಡ್ಡು ಅಪ್ಪ ಅಡಿಕೆ ಮಾರಿ ಕೊಟ್ಟಿದ್ದು. ಮಾರ್ಚ್ ತಿಂಗಳಲ್ಲಿ ನನ್ನ ಸೆಂಟರಿಗೆ ಬಂದು, ‘ಅಕ್ಕಾ, ನನ್ನ ಮೇಲ್ ಒಮ್ಮೆ ಸರಿಯಾಗಿ ನೋಡಿಕೊಡ್ತೀರಾ? ಫೋನಲ್ಲಿ ಏನೂ ಕಾಣಿಸ್ತಿಲ್ಲ’ ಎಂದಳು. ಇನ್‌ಬಾಕ್ಸ್ ನೋಡಿದೆ. ಸ್ಪ್ಯಾಮ್ ನೋಡಿದೆ. ಬಟ್ಟೆ ಅಂಗಡಿಯ ಆಫರ್ ಇತ್ತು, ಬ್ಯಾಂಕಿನದ್ದು ಇತ್ತು, ಬ್ರಿಟನ್ನಿನದ್ದು ಒಂದೂ ಇಲ್ಲ. ಬ್ಯಾಲೆಟ್ ಮುಗಿದ ಎರಡು ವಾರದೊಳಗೆ ಆಯ್ತೋ ಇಲ್ಲವೋ ಅಂತ ಮೇಲ್ ಬರಬೇಕು. ಎರಡರಲ್ಲಿ ಒಂದೂ ಬಂದಿರಲಿಲ್ಲ.

‘ಅರ್ಜಿಯಲ್ಲಿ ಯಾವ ಮೇಲ್ ಕೊಟ್ಟಿದ್ದೀಯಾ?’ ಎಂದು ಕೇಳಿದೆ.

‘ಅವರೇ ತುಂಬಿದ್ದು ಅಕ್ಕ.’

ಕನ್ಸಲ್ಟೆನ್ಸಿಯವರು ವಾಟ್ಸಾಪಿನಲ್ಲಿ ಕಳಿಸಿದ್ದ ಫೋಟೋ ತೋರಿಸಿದಳು. ಕಂಪ್ಯೂಟರ್ ಪರದೆಯ ಫೋಟೋ ಅದು. ಹೆಸರು ಇದೆ, ಪಾಸ್‌ಪೋರ್ಟ್ ನಂಬರ್ ಇದೆ. ಇಮೇಲ್ ಬರುವ ಜಾಗಕ್ಕೆ ಸರಿಯಾಗಿ ಫೋಟೋ ಕತ್ತರಿಸಿದೆ. ಅಲ್ಲಿಗೆ ಅರ್ಥವಾಯಿತು. ಅವಳ ಅರ್ಜಿಗೆ ಅವರು ತಮ್ಮದೇ ಮೇಲ್ ಕೊಟ್ಟಿದ್ದರು. ಫಲಿತಾಂಶ ಬಂದಿದ್ದರೆ ಅವರ ಪೆಟ್ಟಿಗೆಗೆ ಬಂದಿರುತ್ತದೆ.

ಫೋನ್ ಮಾಡಿಸಿದೆ. ಮೊದಲು ‘ಇನ್ನೂ ಬಂದಿಲ್ಲ’ ಎಂದರು. ವಾರ ಬಿಟ್ಟು ಅವರೇ ಫೋನ್ ಮಾಡಿ ‘ಸೆಲೆಕ್ಟ್ ಆಗಿದೆ, ಫೈಲ್ ಮುಂದೆ ಹೋಗಬೇಕೆಂದರೆ ಒಂದೂವರೆ ಲಕ್ಷ ಕಟ್ಟಿ’ ಎಂದರಂತೆ. ಮೇಲ್ ಫಾರ್ವರ್ಡ್ ಮಾಡಿ ಅಂದರೆ ‘ಪಾಲಿಸಿ ಇಲ್ಲ ಮೇಡಂ’. ಅವಳ ಅಪ್ಪ ನನ್ನ ಅಂಗಡಿಯ ಬೆಂಚಿನ ಮೇಲೆ ಕೂತು ಟವೆಲ್ಲಿನಲ್ಲಿ ಮುಖ ಒರೆಸಿಕೊಳ್ಳುತ್ತ, ‘ನಿಜವಾಗ್ಲೂ ಬಂದಿದ್ರೆ ಏನ್ ಮಾಡೋದು ಮಾರಾಯ್ತಿ?’ ಎಂದು ಮೂರು ಸಲ ಕೇಳಿದರು. ನನಗೆ ಏನು ಹೇಳಬೇಕೋ ತಿಳಿಯಲಿಲ್ಲ. ಬಂದಿರಲೂಬಹುದು. ಬಾರದೆ ಇರಲೂಬಹುದು. ಆಯ್ಕೆಯಾದವರಿಗೆ ವೀಸಾ ಅರ್ಜಿ ಹಾಕಲು ಮೇಲ್ ಬಂದ ದಿನದಿಂದ 90 ದಿನ ಇರುತ್ತದೆ. ಅಪ್ಪ-ಮಗಳು ದುಡ್ಡು ಕಟ್ಟಲಿಲ್ಲ. 90 ದಿನ ಹಾಗೇ ಕಳೆದುಹೋಯಿತು. ಅವಳ ಹೆಸರು ಬಂದಿತ್ತೋ ಇಲ್ಲವೋ ಇವತ್ತಿಗೂ ಗೊತ್ತಿಲ್ಲ.

ಒಂದು ಬ್ಯಾಲೆಟಿಗೆ ಒಬ್ಬರಿಗೆ ಒಂದೇ ಅರ್ಜಿ. ಬೇರೆಯವರು ನಿಮ್ಮ ಪಾಸ್‌ಪೋರ್ಟ್ ಹಾಕಿ ತುಂಬಿಬಿಟ್ಟರೆ ಆ ಸಲಕ್ಕೆ ನಿಮ್ಮ ಅವಕಾಶ ಅವರ ಜೇಬಿನಲ್ಲಿ. ಹದಿನೆಂಟು ಸಾವಿರ ಹೋಗಿದ್ದಕ್ಕಿಂತ ನನಗೆ ಇದೇ ಜಾಸ್ತಿ ಸಿಟ್ಟು ತರಿಸಿದ್ದು.

ಜುಲೈ ಬ್ಯಾಲೆಟಿಗೆ ಅವಳು ನನ್ನ ಹತ್ತಿರವೇ ಬಂದಳು. ನಮ್ಮ ಕಡೆ ಜುಲೈ ಎಂದರೆ ಗೊತ್ತಲ್ಲ, ಹೊರಗೆ ಮಳೆ ಹೊಯ್ಯುತ್ತಿತ್ತು. ಮಧ್ಯಾಹ್ನ ಫಾರ್ಮ್ ತೆರೆದು ಹೆಸರು ಹಾಕುವಷ್ಟರಲ್ಲಿ ಕರೆಂಟ್ ಹೋಯಿತು. ಯುಪಿಎಸ್ ಕುಯ್ಯೋ ಎನ್ನತೊಡಗಿತು. ನನ್ನ ಯುಪಿಎಸ್ ಹತ್ತು ನಿಮಿಷ ಬಂದರೆ ಪುಣ್ಯ. ಮೌಸ್ ಅವಳ ಕೈಗೇ ಕೊಟ್ಟು ‘ನೀನೇ ಹಾಕು, ನಾನು ನೋಡ್ತೇನೆ’ ಎಂದೆ. ಪಾಸ್‌ಪೋರ್ಟಿನಲ್ಲಿ ಅವಳಿಗೆ ಸರ್‌ನೇಮ್ ಜಾಗ ಖಾಲಿ. ನಮ್ಮಲ್ಲಿ ಎಷ್ಟೋ ಜನರದ್ದು ಹೀಗೇ, ಇನಿಷಿಯಲ್ ಬಿಟ್ಟರೆ ಬೇರೆ ಹೆಸರೇ ಇರುವುದಿಲ್ಲ. ಅದಕ್ಕೆ ಸ್ವಲ್ಪ ತಲೆ ಕೆಡಿಸಿಕೊಂಡು ಪಾಸ್‌ಪೋರ್ಟಿನಲ್ಲಿ ಇದ್ದ ಹಾಗೇ ಹಾಕಿದೆವು. ಇಮೇಲ್ ಅವಳದ್ದು, ಫೋನ್ ಅವಳದ್ದು. ಒಟ್ಟು ಹನ್ನೆರಡು ನಿಮಿಷ ಹಿಡಿಯಿತು. ಪಾಸ್‌ಪೋರ್ಟ್ ಸ್ಕ್ಯಾನಿಗೆ ಆಗಿದ್ದು 10 ರೂಪಾಯಿ. ಬೇಡ ಎಂದರೂ ಕೇಳದೆ ಕೌಂಟರ್ ಮೇಲೆ ಇಟ್ಟು ಹೋದಳು.

ಆಗಸ್ಟಿನಲ್ಲಿ ಮೇಲ್ ಬಂತು. ಆಯ್ಕೆಯಾಗಿರಲಿಲ್ಲ. ‘ಇಲ್ಲ ಅಂತಾನಾದ್ರೂ ನನಗೇ ಬಂತಲ್ಲ ಅಕ್ಕ’ ಎಂದಳು. ಬರುವ ಫೆಬ್ರವರಿಯಲ್ಲೂ ಅವಳಿಗೆ ಇನ್ನೂ 30 ದಾಟಿರುವುದಿಲ್ಲ.

ಇನ್ನು ಆಯ್ಕೆಯಾದವರಿಗೆ ನಿಜವಾದ ಖರ್ಚು ಎಷ್ಟು? ಕರಪತ್ರದವರು ಇದನ್ನು ಹೇಳುವುದೇ ಇಲ್ಲ. 2025ರಲ್ಲಿ ವೀಸಾ ಫೀಸ್ 319 ಪೌಂಡ್ ಇತ್ತು. ಅಲ್ಲಿಯ ಸರ್ಕಾರಿ ಆಸ್ಪತ್ರೆ ಬಳಸಲು ವರ್ಷಕ್ಕೆ 776 ಪೌಂಡಿನಂತೆ ಎರಡು ವರ್ಷದ್ದನ್ನೂ ಮೊದಲೇ ಕಟ್ಟಬೇಕು, ಅದು 1,552 ಪೌಂಡ್. ಪೌಂಡಿಗೆ 110 ರೂಪಾಯಿ ಎಂದು ಹಿಡಿದರೂ ಎರಡೂ ಸೇರಿ ಎರಡು ಲಕ್ಷ ದಾಟುತ್ತದೆ. ಇದು ಹೋಗುವ ದುಡ್ಡು. ಇದಲ್ಲದೆ ತೋರಿಸುವ ದುಡ್ಡು ಬೇರೆ ಇದೆ. 2,530 ಪೌಂಡ್, ಅಂದರೆ ಹೆಚ್ಚುಕಮ್ಮಿ 2.8 ಲಕ್ಷ, ಅರ್ಜಿ ಹಾಕುವವರ ಖಾತೆಯಲ್ಲಿ ಸತತ 28 ದಿನ ಇರಬೇಕು. ನಡುವೆ ಒಂದು ದಿನ ಅದಕ್ಕಿಂತ ಕೆಳಗೆ ಇಳಿದರೂ ಆಗುವುದಿಲ್ಲ. ಆಮೇಲೆ ಟಿಬಿ ಇಲ್ಲ ಅಂತ ಬ್ರಿಟನ್ನಿನವರು ಒಪ್ಪಿದ ಕ್ಲಿನಿಕ್ಕಿನಲ್ಲೇ ಎಕ್ಸ್‌ರೇ ತೆಗೆಸಿದ ಸರ್ಟಿಫಿಕೇಟ್ ಬೇಕು. ಬೆರಳಚ್ಚು ಕೊಡಲು ವೀಸಾ ಕೇಂದ್ರಕ್ಕೆ ಹೋಗಬೇಕು. ಎರಡಕ್ಕೂ ನಮ್ಮವರು ಬೆಂಗಳೂರಿಗೆ ಓಡಬೇಕು. ವಿಮಾನದ ಟಿಕೆಟ್ ಇನ್ನೂ ಲೆಕ್ಕಕ್ಕೇ ಬಂದಿಲ್ಲ.

ಡಿಗ್ರಿ ಆಗಿದೆ ಎನ್ನುವುದಕ್ಕೂ ಕಾಗದ ಬೇಕು. ನನ್ನ ಹತ್ತಿರ ಬರುವ ಹುಡುಗರಲ್ಲಿ ಮಾರ್ಕ್ಸ್ ಕಾರ್ಡ್ ಲ್ಯಾಮಿನೇಟ್ ಮಾಡಿಸಿ ಇಟ್ಟುಕೊಂಡವರು ಜಾಸ್ತಿ. ಘಟಿಕೋತ್ಸವದ ಸರ್ಟಿಫಿಕೇಟ್ ತೆಗೆಸಿದವರು ಕಡಿಮೆ. ಆ ಸರ್ಟಿಫಿಕೇಟಿಗೆ ಮೊದಲೇ ಅರ್ಜಿ ಹಾಕಿಡಿ ಅಂತ ನಾನು ಎಲ್ಲರಿಗೂ ಹೇಳುತ್ತೇನೆ. ಹೆಸರು ಬಂದ ಮೇಲೆ ಓಡಾಡಿದರೆ 90 ದಿನ ಸಾಲುವುದಿಲ್ಲ.

ಇನ್ನು ಆ ‘ಕೆಲಸ ಗ್ಯಾರಂಟಿ’. ಈ ವೀಸಾಕ್ಕೆ ಅಲ್ಲಿಯ ಕಂಪನಿಯ ಪತ್ರ ಬೇಕಿಲ್ಲ, ನಿಜ. ಅದರ ಅರ್ಥ ಕೆಲಸ ಕಾದುಕೊಂಡು ಕೂತಿದೆ ಅಂತಲ್ಲ. ಹೋಗಿ ಹುಡುಕಿಕೊಳ್ಳಬೇಕು. ನನ್ನ ಹತ್ತಿರ ಅರ್ಜಿ ಹಾಕಿದ ಒಬ್ಬ ಹುಡುಗ ಹೋಗಿದ್ದಾನೆ. ಇಂಜಿನಿಯರಿಂಗ್ ಓದಿದವನು. ಮೊದಲ ಆರು ವಾರ ಕೆಲಸವೇ ಸಿಗಲಿಲ್ಲವಂತೆ. ತೋರಿಸಲು ಇಟ್ಟ ದುಡ್ಡು ಬಾಡಿಗೆಗೆ ಹೋಯಿತು. ಈಗ ಒಂದು ಗೋದಾಮಿನಲ್ಲಿ ಪೆಟ್ಟಿಗೆ ಕಟ್ಟುತ್ತಾನೆ. ಸೇರಿದಾಗ ಗಂಟೆಗೆ 12.21 ಪೌಂಡ್, 2025ರಲ್ಲಿ ಅದೇ ಅಲ್ಲಿಯ ಕನಿಷ್ಠ ಕೂಲಿ. ಚಳಿಗಾಲದಲ್ಲಿ ಸಂಜೆ ನಾಲ್ಕಕ್ಕೇ ಕತ್ತಲೆ, ಅದೊಂದು ಅಭ್ಯಾಸ ಆಗಲಿಲ್ಲ ಎನ್ನುತ್ತಾನೆ. ಆದರೆ ಬೇಸರದಲ್ಲಿ ಇಲ್ಲ ಅವನು. ಭಾನುವಾರ ರೈಲು ಹತ್ತಿ ಒಂದೊಂದು ಊರು ನೋಡಿ ಬರುತ್ತಾನೆ, ಫೋಟೋ ಕಳಿಸುತ್ತಾನೆ. ಹೋಗಬೇಡಿ ಅಂತ ನಾನು ಯಾರಿಗೂ ಹೇಳುವುದಿಲ್ಲ. 25ನೇ ವಯಸ್ಸಿನಲ್ಲಿ ನನಗೆ ಯಾರಾದರೂ ಹೀಗೆ ಕೇಳಿದ್ದರೆ ಝೆರಾಕ್ಸ್ ಮಶಿನ್ ಬಂದ್ ಮಾಡಿ ಹೊರಟೇಬಿಡುತ್ತಿದ್ದೆ.

ಅವನ ಅಮ್ಮನದ್ದು ಮಾತ್ರ ಬೇರೆ ಲೆಕ್ಕ. ‘ಮಗ ಲಂಡನ್ನಿನಲ್ಲಿ ಸೆಟ್ಲ್ ಆಗಿದ್ದಾನೆ’ ಅಂತ ಜಾತಕ ಹೊರಗೆ ಹಾಕಿದ್ದಾರೆ. ಎರಡು ವರ್ಷ ಮುಗಿದರೆ ಈ ವೀಸಾ ಮುಂದುವರಿಸಲು ಬರುವುದಿಲ್ಲ, ಇದರ ಮೇಲೆ ಹೆಂಡತಿಯನ್ನು ಕರೆಸಿಕೊಳ್ಳಲೂ ಆಗುವುದಿಲ್ಲ. ಹೇಳಲು ಹೋದರೆ ‘ನಿಂಗೆ ಹೊಟ್ಟೆಕಿಚ್ಚು’ ಎಂದಾರು ಅಂತ ಸುಮ್ನಿದ್ದೇನೆ. ಅವರು ಈ ಪತ್ರಿಕೆ ಓದುತ್ತಾರೆ. ಈಗ ಗೊತ್ತಾಗುತ್ತದೆ, ಕ್ಷಮಿಸಿ.

ಆಸ್ಟ್ರೇಲಿಯಾದ್ದನ್ನು ಇದರ ಜೊತೆ ಕಲಸಿಕೊಂಡು ಕೇಳುವವರೂ ಇದ್ದಾರೆ. ಅದು ಬೇರೆ. 462 ಎಂಬ ನಂಬರಿನ ‘ವರ್ಕ್ ಅಂಡ್ ಹಾಲಿಡೇ’ ವೀಸಾ ಅದು, ವರ್ಷಕ್ಕೆ 1,000 ಭಾರತೀಯರಿಗೆ. ಮೊದಲ ಬ್ಯಾಲೆಟ್ 2024ರ ಅಕ್ಟೋಬರಿನಲ್ಲಿ ನಡೆಯಿತು. ಎರಡೇ ವಾರದಲ್ಲಿ 40 ಸಾವಿರ ಅರ್ಜಿ ಬಂದಿತ್ತು. ಅಲ್ಲಿ ಬ್ಯಾಲೆಟಿಗೇ 25 ಆಸ್ಟ್ರೇಲಿಯನ್ ಡಾಲರ್ ಕಟ್ಟಬೇಕು, ಪಾನ್ ಕಾರ್ಡ್ ಬೇಕು. ಅಲ್ಲಿ ನಿಜಕ್ಕೂ ಫೀಸ್ ಇರುವುದರಿಂದ ‘ಬ್ರಿಟನ್ನಿಗೂ ಇದ್ದೀತು’ ಅಂತ ಜನ ನಂಬಿಬಿಡುತ್ತಾರೆ. ಏಜೆಂಟರಿಗೆ ಅಷ್ಟು ಸಾಕು.

ಕರಪತ್ರ ಬಂದ ಮಾರನೆಯ ದಿನ ನಾನು ಒಂದು ರಟ್ಟಿನ ಮೇಲೆ ಮಾರ್ಕರ್ ಪೆನ್ನಿನಲ್ಲಿ ‘ಬ್ರಿಟನ್ ಬ್ಯಾಲೆಟ್ ಉಚಿತ. ನಿಮ್ಮ ಮೇಲ್, ನಿಮ್ಮ ಫೋನ್ ನಂಬರನ್ನೇ ಕೊಡಿ. ಸ್ಕ್ಯಾನಿಗೆ 10 ರೂಪಾಯಿ’ ಅಂತ ಬರೆದು ಬಾಗಿಲಿಗೆ ಕಟ್ಟಿದೆ. ಮಧ್ಯಾಹ್ನದೊಳಗೆ ಇಬ್ಬರು ಗಂಡಸರು ಬೈಕಿನಲ್ಲಿ ಬಂದರು. ‘ನಮ್ಮ ಹೊಟ್ಟೆ ಮೇಲೆ ಯಾಕೆ ಹೊಡೀತೀರಿ ಮೇಡಂ, ತೆಗೆದುಬಿಡಿ’ ಎಂದರು. ಜೋರು ಮಾಡಲಿಲ್ಲ, ನಗುತ್ತಲೇ ಹೇಳಿದರು. ನಾನೂ ನಗುತ್ತಲೇ ಎರಡು ಝೆರಾಕ್ಸ್ ಕಾಪಿ ಮಾಡಿ ಕೊಟ್ಟು ಕಳಿಸಿದೆ. ರಟ್ಟು ಇನ್ನೂ ಅಲ್ಲೇ ಇದೆ, ಮಳೆಗೆ ಸ್ವಲ್ಪ ಶಾಯಿ ಇಳಿದಿದೆ.

ಆದರೆ ನನ್ನ ರಟ್ಟು ಓದುವವರು ಬಸ್ಸಿಗೆ ಹೋಗುವ ನಾಲ್ಕು ಜನ. ವೀಸಾ ಮೋಸದ ಬಗ್ಗೆ ಬ್ರಿಟನ್ನಿನವರು ಪಂಜಾಬಿನಲ್ಲಿ ಪಂಜಾಬಿಯಲ್ಲೇ ಪ್ರಚಾರ ಮಾಡಿದ್ದಾರೆ. ಅಂಥದ್ದು ಕನ್ನಡದಲ್ಲೂ ಬರಲಿ ಅಂತ ನೀವು ಬರೆದರೆ ಕೇಳುವವರು ಕೇಳಿಸಿಕೊಂಡಾರು. ಅಷ್ಟರವರೆಗೆ ನಿಮ್ಮಲ್ಲಿ ಒಂದು ಸಣ್ಣ ಕೋರಿಕೆ. ದಿನಾ ನೀವು ಅಡಿಕೆ ಧಾರಣೆ ಹಾಕುತ್ತೀರಿ, ರಾಶಿಗೆ ಇಷ್ಟು, ಬೆಟ್ಟೆಗೆ ಇಷ್ಟು ಅಂತ. ನಮ್ಮೂರಲ್ಲಿ ಪೇಪರ್ ಬಂದ ಕೂಡಲೇ ಎಲ್ಲರೂ ಮೊದಲು ನೋಡುವುದು ಅದನ್ನೇ. ಬ್ಯಾಲೆಟ್ ತೆರೆಯುವ ದಿನ ಗೊತ್ತಾದ ಮೇಲೆ ಆ ಧಾರಣೆಯ ಪಕ್ಕದಲ್ಲೇ ಎರಡು ಸಾಲು ಹಾಕಿಬಿಡಿ: ಯಾವ ದಿನ, ಎಷ್ಟು ಗಂಟೆಗೆ, ಫೀಸ್ ಸೊನ್ನೆ.

ಇಂತಿ,
ಸೈಬರ್ ಸೆಂಟರಿನ ಅಕ್ಕ
ಸಾಗರ, ಶಿವಮೊಗ್ಗ ಜಿಲ್ಲೆ